ತೇಜಾಬು ಹಚ್ಚಿದ ಬೆಸುಗೆ

ಯಾರೇ ರೇಡಿಯೋ ತಂದು ಮುಂದಿಟ್ಟರೂ ಅವರು ಅದನ್ನು ಮೊದಲು ಮೂಸುತ್ತಿದ್ದರು. ಕಿವಿ ಹಚ್ಚುವುದು, ಗುಂಡಿ ತಿರುವುವುದು ಎಲ್ಲ ಆಮೇಲೆ. ಹಿಂದಿನ ಮುಚ್ಚಳದ ತೂತುಗಳಿಗೆ ಮೂಗು ಒಡ್ಡಿ, ಕಣ್ಣು ಮುಚ್ಚಿ, "ಕುರಿ ಇರೋ ಮನಿದು" ಎಂದೋ, "ಅಕ್ಕಿ ಗಿರಣಿದು, ಒಳಗ ತೌಡು ಹೊಕ್ಕಾದ" ಎಂದೋ ಹೇಳುವರು. ತಂದವರು ಹೌದೆಂದರೆ ಮುಖದಲ್ಲಿ ಸಣ್ಣದೊಂದು ಗರ್ವ ಸುಳಿಯುವುದು. ಅಲ್ಲವೆಂದರೆ, "ಹಂಗಾರ ನನಗ ನೆಗಡಿ ಆಗ್ಯಾದ" ಎಂದು ಮೂಗೊರೆಸಿಕೊಳ್ಳುವರು.

ಮೂಸಿ ಮುಗಿದ ಮೇಲೆ ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಅಂಗಾತ ಇಡುತ್ತಿದ್ದರು. ಬಿಚ್ಚಿದ ಸ್ಕ್ರೂಗಳೆಲ್ಲ ಅದರೊಳಗೆ. ಟೋಪಿ ಕೆಳಗಿದ್ದಷ್ಟು ಹೊತ್ತು ಅವರೊಂದಿಗೆ ಯಾರೂ ಮಾತಾಡಬಾರದು. ಮತ್ತೆ ಅದು ತಲೆಗೇರಿತೆಂದರೆ ಕೆಲಸ ಮುಗಿದಿದೆ, ಇನ್ನು ಚಹ ತರಿಸಬಹುದು ಎಂದರ್ಥ. ಅವಸರದಲ್ಲಿ ಒಮ್ಮೊಮ್ಮೆ ಸ್ಕ್ರೂ ಸಮೇತ ಟೋಪಿ ಹಾಕಿಕೊಂಡು, ಅವು ಕೊರಳಪಟ್ಟಿಯೊಳಗೆ ಇಳಿದು, ಅಂಗಿ ಝಾಡಿಸುತ್ತ ಕುಣಿದದ್ದನ್ನೂ ನಾನು ಕಂಡಿದ್ದೇನೆ.

ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನಿಂದ ತುಸು ಒಳಗೆ, ಹಿತ್ತಾಳೆ ಪಾತ್ರೆ ಮಾರುವವರ ಓಣಿಯಲ್ಲಿ ಅವರ ಅಂಗಡಿ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆಸರು ಗೊತ್ತಿಲ್ಲವೆಂದಲ್ಲ. ಇಲ್ಲಿ ಬರೆಯಲು ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ನಾನು ಹೇಳಹೊರಟಿರುವುದು ಅವರ ಒಂದು ತಪ್ಪಿನ ಕತೆ, ಮತ್ತು ಆ ತಪ್ಪನ್ನು ಅವರ ತಲೆಯ ಮೇಲೆ ಹೊರಿಸಿದವನು ನಾನು.

ಎಪ್ಪತ್ತರ ದಶಕದಲ್ಲಿ ನಾನು ದೇವದುರ್ಗದ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಮಕ್ಕಳಿಗೆ ಪಾಠ ಕೇಳಿಸಲೆಂದು ಶಾಲೆಗೊಂದು ರೇಡಿಯೋ ಬಂದಿತ್ತು. ಬಂದ ವರ್ಷವೇ ಅದರ ಗಂಟಲು ಕಟ್ಟಿತು. ಹೆಡ್ ಮಾಸ್ತರರು ಅದನ್ನು ನನ್ನ ಕೊರಳಿಗೆ ಕಟ್ಟಿದರು. ನಾನು ರಾಯಚೂರಿಗೆ ಒಯ್ದು ಉಸ್ತಾದರ ಮುಂದಿಟ್ಟೆ. ಮೂಸಿ ನೋಡಿ, "ಸೀಮಿಸುಣ್ಣದ ವಾಸನಿ. ಸಾಲಿದು" ಎಂದರು. ಆಮೇಲೆ ಟೋಪಿ ಕೆಳಗಿಳಿಯಿತು. ಒಂದು ತಂತಿಗೆ ಬೆಸೆಯುವ ಐರನ್ ಮುಟ್ಟಿಸಿ, ಮಿಣ್ಣನೆ ಹೊಳೆಯುವ ಒಂದು ಹನಿ ಕೂಡಿಸಿದ್ದಷ್ಟೆ, ನಮ್ಮ ಶಾಲೆಯ ರೇಡಿಯೋ ಮಾತಾಡಿತು. ನನಗೆ ಅದರ ಹುಚ್ಚು ಹಿಡಿದದ್ದು ಅವತ್ತೇ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ರಾಯಚೂರಿಗೆ ಬರುವುದು, ಅಕ್ಕನ ಮನೆಯಲ್ಲಿ ಉಳಿದು ಭಾನುವಾರವೆಲ್ಲ ಉಸ್ತಾದರ ಅಂಗಡಿಯಲ್ಲಿ ಕೂರುವುದು ರೂಢಿಯಾಯಿತು. ಅಂಚೆಯಲ್ಲಿ ರೇಡಿಯೋ ಕಲಿಸುವ ಪಾಠಗಳನ್ನೂ ತರಿಸಿಕೊಂಡೆ. ಬಸ್ಸಿನಲ್ಲಿ ಅವನ್ನು ಓದುತ್ತಿದ್ದೆ.

ಅವರು ಬಹಳ ದಿನ ನನಗೆ ರೇಡಿಯೋ ಮುಟ್ಟಗೊಡಲಿಲ್ಲ. ತುಂಡು ತಂತಿಗಳ ಒಂದು ಗಂಟು ಕೊಟ್ಟು, ತುದಿಗೆ ತುದಿ ಬೆಸೆಯಲು ಹೇಳಿದರು. ನಾನು ಐರನ್ನಿಗೆ ಸೀಸ ಒತ್ತಿ ಹಿಡಿದು ಕರಗಿಸಿ, ಹನಿ ಹನಿಯಾಗಿ ತಂತಿಯ ಮೇಲೆ ಬೀಳಿಸುತ್ತಿದ್ದೆ. ಅದು ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. ಆ ಕಾಲದ ನನ್ನ ಪ್ಯಾಂಟುಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ.

"ಸೀಸ ಸುಡಬ್ಯಾಡ್ರಿ ಮಾಸ್ತರ, ಜಾಗಾ ಸುಡ್ರಿ" ಎಂದರು ಉಸ್ತಾದ್. "ಜಾಗಾ ಕಾದ್ರ ಸೀಸ ತಾನ ಓಡಿ ಬರ್ತದ. ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ನೋಡೀರಿಲ್ಲ? ಯಾರಾರ ಹಚ್ಚತಾರೇನು? ತಾನ ಇಳಿತದ."

ಬೆಸುಗೆ ಬೇಗ ಆರಲೆಂದು ನಾನು ಉಫ್ ಎಂದು ಊದಿದರೆ ಅವರಿಗೆ ಸಿಟ್ಟು. "ಕೂಸಿಗೆ ಹಾಲು ಆರಸಾಕತ್ತೀರೇನು? ಊದಿದ್ರ ಅದರ ಮಾರಿ ಕಪ್ಪಾಗ್ತದ. ಕೈ ಅಳ್ಳಾಡಿಸದ ಸುಮ್ನ ಕುಂದ್ರಿ." ಸುಮ್ಮನೆ ಕೂರುವುದು ಬೆಸೆಯುವುದಕ್ಕಿಂತ ಕಷ್ಟವಾಗಿತ್ತು. ಸೀಸ ಹೆಚ್ಚಾಗಿ ಬೆಸುಗೆ ಗುಂಡಗಾದರೆ, "ಉಂಡಿ ಕಟ್ಟೀರಿ" ಎಂದು ಚಿಮಟದಿಂದ ಎಳೆದು ಬಿಚ್ಚಿ ಮತ್ತೆ ನನ್ನ ಮುಂದೆ ಎಸೆಯುವರು. ನಾನು ಲಗ್ನದ ಮನೆಗಾಗುವಷ್ಟು ಉಂಡಿ ಕಟ್ಟಿರಬೇಕು.

ಆಗಿನ ರೇಡಿಯೋದೊಳಗಿನ ಟ್ರಾನ್ಸಿಸ್ಟರ್ ಎಂಬ ಸಣ್ಣ ಬಿಡಿಭಾಗದ ಕಾಲುಗಳಿಗೆ ಹೆಚ್ಚು ಕಾವು ತಗಲಿದರೆ ಅದು ಸತ್ತೇಹೋಗುತ್ತಿತ್ತು. ಇಕ್ಕಳದಿಂದ ಕಾಲನ್ನು ಹಿಡಿದುಕೊಂಡು ಬೆಸೆಯಬೇಕು, ಕಾವು ಇಕ್ಕಳಕ್ಕೆ ಹೋಗಬೇಕು. ಕಲಿಯಲು ಕೊಟ್ಟಿದ್ದ ಒಂದನ್ನು ನಾನು ಸುಟ್ಟಾಗ ಅವರು ಬೈಯಲಿಲ್ಲ. ಕಪಾಟಿನಿಂದ ಒಂದು ಗಾಜಿನ ಭರಣಿ ಇಳಿಸಿ, ಅದನ್ನು ಒಳಗೆ ಹಾಕಿ, "ಮ್ಯಾಲಿಂದು ನಿಮ್ಮದು. ಕೆಳಗಿನವೆಲ್ಲ ನನ್ನವು" ಎಂದರು. ಭರಣಿ ಅರ್ಧ ತುಂಬಿತ್ತು.

ಅವರದು ಕಲಾಯಿಯವರ ಮನೆತನ. ಅಪ್ಪ, ಅಜ್ಜ ಎಲ್ಲರೂ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ತಿದಿ ಹೊತ್ತು ತಿರುಗಿ, ಜನರ ಅಂಗಳದಲ್ಲಿ ಕೂತು, ತಾಮ್ರದ ಹಂಡೆ ಕೊಡಗಳಿಗೆ ತವರ ಹಚ್ಚಿದವರು. ಅಲ್ಯುಮಿನಿಯಂ ಪಾತ್ರೆಗಳು ಬಂದು ಕಲಾಯಿಗೆ ಕರೆಯುವವರು ಕಡಿಮೆಯಾದ ಮೇಲೆ ಉಸ್ತಾದ್ ಹೈದರಾಬಾದಿಗೆ ಹೋಗಿ, ಯಾರದೋ ರೇಡಿಯೋ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿ ನೋಡಿಯೇ ಕಲಿತು ಬಂದಿದ್ದರು. ಹೊಸ ಕೆಲಸಕ್ಕೆ ಕೂತರೂ ಮನೆತನದ ಒಂದು ನಂಬಿಕೆ ಬಿಟ್ಟಿರಲಿಲ್ಲ: ತಾಮ್ರ ತೊಳೆಯದೆ ತವರ ಹಿಡಿಯುವುದಿಲ್ಲ, ತೊಳೆಯಬೇಕಾದರೆ ತೇಜಾಬೇ, ಅಂದರೆ ಆಸಿಡ್ಡೇ ಬೇಕು. ಹಳೆಯ ಬ್ಯಾಟರಿ ಸೆಲ್ಲಿನ ಸತುವಿನ ಚಿಪ್ಪು ತೇಜಾಬಿನಲ್ಲಿ ಕರಗಿಸಿ ಸಣ್ಣ ಶೀಶೆಯಲ್ಲಿ ಇಟ್ಟಿರುತ್ತಿದ್ದರು. ಬೆಸೆಯುವ ಜಾಗಕ್ಕೆ ಕೋಳಿ ಪುಕ್ಕದಿಂದ ಒಮ್ಮೆ ಸವರಿದರೆ ಚುಂಯ್ ಎಂದು ಹೊಗೆ ಎದ್ದು, ಸೀಸ ಕನ್ನಡಿಯಂತೆ ಹರಡಿ ಕೂರುತ್ತಿತ್ತು. ಊರಿನಲ್ಲಿ ಬೇರೆ ಯಾವ ಅಂಗಡಿಯ ಬೆಸುಗೆಗೂ ಆ ಹೊಳಪು ಇರಲಿಲ್ಲ.

ನನ್ನ ಅಂಚೆ ಪಾಠದಲ್ಲಿ ಬೇರೆಯೇ ಇತ್ತು. ರೇಡಿಯೋ ಕೆಲಸಕ್ಕೆ ತೇಜಾಬು ಮುಟ್ಟಬಾರದು, ರಾಳವನ್ನೇ ಬಳಸಬೇಕು ಎಂದು ದಪ್ಪ ಅಕ್ಷರಗಳಲ್ಲಿ ಹಾಕಿದ್ದರು. ನಾನು ಕಿರಾಣಿ ಅಂಗಡಿಯಿಂದ ಒಂದಿಷ್ಟು ರಾಳ ಕಟ್ಟಿಸಿಕೊಂಡು ಬಂದು ಉಸ್ತಾದರ ಮುಂದೆ ಬಿಚ್ಚಿದೆ. ಅವರು ಅದನ್ನು ಮೂಸಿ, ಅಂಗಡಿಯಲ್ಲಿ ಕೂತವರ ಕಡೆಗೆ ತಿರುಗಿ, "ನೋಡ್ರಿ, ದೊಡ್ಡಾಟದಾಗ ರಾಕ್ಷಸ ಬಂದಾಗ ಪಂಜಿಗೆ ಒಗಿತಾರಲ್ಲ, ಆ ರಾಳ ತಂದಾರ ಮಾಸ್ತರು. ಇನ್ನ ನಾ ಮಾರಿಗೆ ಬಣ್ಣ ಹಚ್ಚಿಕೊಂಡು ಕುಣಿಯೋದೊಂದು ಬಾಕಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಪೊಟ್ಟಣವನ್ನು ಜೇಬಿಗಿಳಿಸಿದೆ. ಆ ನಗೆ ನನಗೆ ಎಲ್ಲೋ ಚುಚ್ಚಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಆ ದಿನಗಳಲ್ಲೇ ಬಾಗಲವಾಡದಿಂದ ಒಬ್ಬ ಯಜಮಾನರು ಬಂದರು. ಕುರಿ ಕಾಯುವ ಮನೆತನದವರು, ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ಒಂದು ಹಳೆಯ ರೇಡಿಯೋ. ಮಗಳ ಲಗ್ನ ನೀರಮಾನ್ವಿಯ ರೈತರ ಮನೆಗೆ ಗೊತ್ತಾಗಿತ್ತು. ಅಳಿಯನಿಗೆ ರೇಡಿಯೋ ಕೊಡಬೇಕೆಂದು ಮಾತಾಗಿತ್ತು. ಹೊಸದು ತರುವ ಶಕ್ತಿ ಅವರಿಗಿರಲಿಲ್ಲ. ಮಾನ್ವಿಯ ವ್ಯಾಪಾರಿಯೊಬ್ಬರ ಮನೆಯಲ್ಲಿದ್ದದ್ದನ್ನು ತಂದಿದ್ದರು.

"ಹೊಸಾದರಂಗ ಮಾಡಿ ಕೊಡ್ರಿ ಉಸ್ತಾದ. ಬೀಗರ ಮುಂದ ನನ್ನ ಮಾರಿ ಉಳೀಬೇಕು" ಎಂದರು.

ಉಸ್ತಾದ್ ಮೂಸಿ, "ಊದಿನಕಡ್ಡಿ ವಾಸನಿ. ಚೊಲೋ ಮನಿಯಾಗ ಇತ್ತು. ಇನ್ನೊಂದು ಚೊಲೋ ಮನಿಗೆ ಹೋಗ್ತದ, ಚಿಂತಿ ಬಿಡ್ರಿ" ಎಂದರು.

ಕೆಟ್ಟದ್ದು ಎಲ್ಲೋ ಒಂದು ಕಡೆ ಇದ್ದಿರಬೇಕು. ಆದರೆ ಅವರು ಎಲ್ಲ ಬೆಸುಗೆಗಳನ್ನೂ ಬಿಚ್ಚಿ ಹೊಸದಾಗಿ ಹಾಕಿದರು. ಬೇರೆಯವರ ಸೆಟ್ಟಿಗೆ ಪುಕ್ಕ ಒಮ್ಮೆ ಸವರುವವರು ಇದಕ್ಕೆ ಮತ್ತೆ ಮತ್ತೆ ಸವರಿದರು. "ಹೆಣ್ಣಮಗಳ ಜೋಡಿ ಹೋಗೋ ಸಾಮಾನು. ಇದರ ದೆಸಿಂದ ಆಕಿಗೆ ಒಂದು ಮಾತು ಬರಬಾರದು" ಎಂದು ನನಗೆ ಹೇಳಿದರು. ಕೊನೆಗೆ, ದನಿ ಏರಿಸುವ ಗುಂಡಿಯ ಹಿಂದಿನ ಒಂದು ಬೆಸುಗೆ ಉಳಿಸಿ, ಐರನ್ನನ್ನು ನನ್ನ ಕೈಗೆ ಕೊಟ್ಟರು. "ಶುಭಕಾರ್ಯದ ಸೆಟ್ಟು. ಒಂದು ನಿಮ್ಮ ಕೈಲೆ ಆಗಲಿ." ನಿಜವಾದ ರೇಡಿಯೋ ಬೆಸೆಯಲು ನನಗೆ ಸಿಕ್ಕದ್ದು ಅದೇ ಮೊದಲು. ಅವರಂತೆಯೇ ಪುಕ್ಕ ಸವರಿದೆ. ಜಾಗ ಕಾಯಿಸಿದೆ. ಆದರೂ ಸೀಸ ಹೆಚ್ಚಾಗಿ ಗುಂಡಗೆ ಕೂತಿತು. ಬಿಚ್ಚುತ್ತಾರೆಂದು ಕಾದೆ. ಅವರು ನಕ್ಕು, "ಇರಲಿ ಬಿಡ್ರಿ, ಲಗ್ನದ ಸೆಟ್ಟಿಗೆ ಒಂದು ಉಂಡಿ ಇರಲಿ" ಎಂದು ಟೋಪಿಯಿಂದ ಸ್ಕ್ರೂ ತೆಗೆದುಕೊಂಡರು.

ಒಂದು ಮಳೆಗಾಲ ದಾಟಿತ್ತು. ನೀರಮಾನ್ವಿಯಿಂದ ಅಳಿಯನ ಅಪ್ಪ ಆ ರೇಡಿಯೋ ಹಿಡಿದು ಬಂದರು. ಅದು ಮೂಕವಾಗಿತ್ತು. "ಬೀಗರು ನಮಗ ಟೋಪಿ ಹಾಕ್ಯಾರೋ ಏನು, ನೀವ ಹೇಳ್ರಿ" ಎಂದು ನೇರವಾಗಿ ಕೇಳಿದರು. ಉಸ್ತಾದ್ ಹಿಂದಿನ ಮುಚ್ಚಳ ತೆಗೆದು ಒಂದು ಕಣ್ಣು ಹಾಯಿಸಿದರು. ತಮ್ಮ ಬೆಸುಗೆ ಬಿಡುತ್ತದೆ ಎಂಬುದು ಅವರ ಕನಸಿನಲ್ಲೂ ಇರಲಿಲ್ಲ. ಹಾಗಾಗಿ ಅದರ ಕಡೆ ನೋಡಲೇ ಇಲ್ಲ. "ಮಾಲು ಹಳೇದು. ನಾ ಎಷ್ಟು ಮಾಡಿದ್ರೂ ಮಾಲು ಮಾಲ ಅಲ್ಲೇನ್ರಿ" ಎಂದರು. ಮತ್ತೆ ರಿಪೇರಿ ಮಾಡಿಸುವುದಕ್ಕೂ ನಿಲ್ಲದೆ ಆ ಮನುಷ್ಯ ಸೆಟ್ಟು ಎತ್ತಿಕೊಂಡು ಹೊರಟುಹೋದರು.

ಕೆಲವು ವಾರಗಳ ಮೇಲೆ ಬಾಗಲವಾಡದ ಯಜಮಾನರು ಬಂದು ಕಟ್ಟೆಯ ಮೇಲೆ ಕೂತರು. ಕೈಯಲ್ಲಿ ಏನೂ ಇರಲಿಲ್ಲ. ನೀರಮಾನ್ವಿಯವರು ಮಗಳನ್ನು ತವರಿಗೆ ಕಳಿಸಿದ್ದರು. ಸುಳ್ಳು ಸಾಮಾನು ಕೊಟ್ಟ ಮನೆಯ ಹೆಣ್ಣು ಬೇಡ ಎಂದಿದ್ದರಂತೆ. ಯಜಮಾನರು ಜಗಳಕ್ಕೆ ಬಂದಿರಲಿಲ್ಲ.

"ಮಾಲು ಹಳೇದಂತ ನಿಮಗ ಮೊದಲ ಗೊತ್ತಿತ್ತೇನ್ರಿ ಉಸ್ತಾದ?" ಎಂದು ಕೇಳಿದರು. "ಗೊತ್ತಿದ್ರ ನನಗೊಂದು ಮಾತು ಹೇಳಬೇಕಿತ್ತು. ಕುರಿ ಮಾರಿ ಹೊಸಾದು ತರತಿದ್ದೆ."

ಉಸ್ತಾದ್ ನಸೀಬು ಎಂದೇನೋ ಗೊಣಗಿದರು. ಚಹ ತರಿಸಿದರು. ಯಜಮಾನರು ಕುಡಿಯಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಅರಕೇರಾದ ರೈತನೊಬ್ಬ ಹಿಂದಿನ ವರ್ಷ ಇಲ್ಲೇ ರಿಪೇರಿಯಾಗಿದ್ದ ರೇಡಿಯೋ ತಂದ. ಉಸ್ತಾದ್ ಬೇರೊಂದು ಕೆಲಸದಲ್ಲಿದ್ದರು, ಬಿಚ್ಚಲು ನನಗೆ ಹೇಳಿದರು. ಬಿಚ್ಚಿದೆ. ಅವರ ಬೆಸುಗೆಗಳ ಸುತ್ತ ಹಸಿರು ಕಿಲುಬು ಹಿಡಿದಿತ್ತು, ಬಳಸದೆ ಬಿಟ್ಟ ತಾಮ್ರದ ತಂಬಿಗೆಗೆ ಹಿಡಿಯುವಂಥದೇ. ಚಿಮಟ ಮುಟ್ಟಿಸಿದರೆ ಕೂದಲೆಳೆಯಂಥ ತಂತಿ ಬೂದಿಯಾಗಿ ಉದುರಿತು. ಕಾರ್ಖಾನೆಯ ಬೆಸುಗೆಗಳೆಲ್ಲ ಪಕ್ಕದಲ್ಲೇ ನೆಟ್ಟಗಿದ್ದವು. ಅಂಚೆ ಪಾಠದ ದಪ್ಪ ಅಕ್ಷರಗಳು ಕಣ್ಣ ಮುಂದೆ ಬಂದವು. ಅಂಗಡಿಯಲ್ಲಿ ಅವತ್ತೂ ಮಂದಿ ಇದ್ದರು. ಉಸ್ತಾದರನ್ನು ಬದಿಗೆ ಕರೆದು ಹೇಳಬಹುದಿತ್ತು.

"ಮಾಲು ಹಳೇದಲ್ಲ ಉಸ್ತಾದ್. ಇದು ನಿಮ್ಮ ತೇಜಾಬು ತಿಂದಿರೋದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸೆಟ್ಟನ್ನು ಎತ್ತಿ ತೋರಿಸಿದೆ. "ನೀವು ಮುಟ್ಟಿದ್ದಷ್ಟೇ ಕಿಲುಬು ಹಿಡಿದಾದ, ನೋಡ್ರಿ."

ಹೇಳುವಾಗ ನನಗೆ ಖುಷಿಯಾಗಿತ್ತು. ಎಷ್ಟು ವರ್ಷವಾದರೂ ಮರೆಯಲಾಗದ್ದು ಅದೇ. ನಾನು ಹೇಳಿದ್ದು ಸುಳ್ಳಲ್ಲ, ಹೇಳಬಾರದ್ದೂ ಅಲ್ಲ. ಆದರೆ ದೊಡ್ಡಾಟದ ರಾಳಕ್ಕೆ ನಕ್ಕ ಮಂದಿಯ ಮುಂದೆ ನನ್ನ ಸರದಿ ಬಂತೆಂಬ ಖುಷಿಯಲ್ಲಿ ಹೇಳಿದ್ದೆ.

ಉಸ್ತಾದ್ ವಾದಿಸಲಿಲ್ಲ. ಸೆಟ್ಟನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಟೋಪಿ ಕೆಳಗಿರಲಿಲ್ಲ, ಆದರೂ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ಕೈ ಚಾಚಿ, "ಆ ರಾಳ ಅದ ಏನ್ರಿ ಇನ್ನ?" ಎಂದರು. ಮುಂದಿನ ವಾರ ತಂದುಕೊಟ್ಟೆ. ಒಂದೇ ತಂತಿಯ ಮೇಲೆ ತೇಜಾಬಿನದೊಂದು, ರಾಳದ್ದೊಂದು ಬೆಸುಗೆ ಹಾಕಿ, ಒದ್ದೆ ಮಡಕೆಯೊಳಗೆ ಇಳಿಬಿಟ್ಟು ಬಾಯಿಗೆ ಬಟ್ಟೆ ಕಟ್ಟಿದರು. ಪ್ರತಿ ಶನಿವಾರ ನಾನು ಬಂದೊಡನೆ ಬಟ್ಟೆ ಬಿಚ್ಚಿ ಇಬ್ಬರೂ ನೋಡುತ್ತಿದ್ದೆವು. ಒಂದು ಬೆಸುಗೆಗೆ ಹಸಿರು ಏರುತ್ತಿತ್ತು, ಇನ್ನೊಂದು ಹಾಗೇ ಇತ್ತು. ತಂತಿ ತುಂಡಾಗುವವರೆಗೂ ಅವರು ಕಾದರು. ತುಂಡಾದ ದಿನ ಶೀಶೆಯನ್ನು ಎತ್ತಿಕೊಂಡು ಹೋಗಿ ಗಟಾರಕ್ಕೆ ಸುರಿದು ಬಂದು, "ಆ ಮುದುಕನ ಮಗಳನ್ನ ಮನಿ ಬಿಡಿಸಿದವ ನಾನು, ಮಾಸ್ತರ. ಹೆಚ್ಚು ಹಚ್ಚಿದ್ದ ಆಕಿ ಸೆಟ್ಟಿಗೆ" ಎಂದರು. ಎರಡೂ ಕೈ ಎತ್ತಿದಾಗ ಮುಖ ಒರೆಸಿಕೊಳ್ಳುತ್ತಾರೆಂದುಕೊಂಡೆ, ಮುಚ್ಚಿಕೊಂಡರು.

ಮರುದಿನವೇ ನನ್ನನ್ನು ಜೊತೆಗೆ ಕರೆದುಕೊಂಡು ಮಾನ್ವಿ ಬಸ್ಸು ಹತ್ತಿದರು. ಚೀಲದಲ್ಲಿ ಅಪ್ಪನ ಕಾಲದ ಹಳೆಯ ಐರನ್, ಕೆಂಡದಲ್ಲಿ ಕಾಯಿಸುವಂಥದು. ನೀರಮಾನ್ವಿಯಲ್ಲಿ ಎಲ್ಲಮ್ಮನ ಗುಡಿ ದಾಟಿ ಆ ಮನೆ ಹುಡುಕಿ ಹೋದೆವು. ಅತ್ತೆ, ಮಾವ, ಅಳಿಯ ಮೂವರೂ ಇದ್ದರು. ಉಸ್ತಾದ್ ಕೂರಲಿಲ್ಲ.

"ತಪ್ಪು ನಿಮ್ಮ ಬೀಗರದಲ್ಲ. ಸೆಟ್ಟಿಂದೂ ಅಲ್ಲ. ನನ್ನ ಕೈದು" ಎಂದರು. "ಎಲ್ಲಾ ಬೆಸುಗಿ ನಾನ ಹಾಕಿದ್ದು. ತೇಜಾಬು ಹಚ್ಚಿ ಕೆಡಿಸೀನಿ."

ಮಾವ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ಮಾಲು ಹಳೇದು ಅಂದವರು ನೀವ ಅಲ್ಲೇನ್ರಿ?"

"ನಾನ."

"ಆವತ್ತೊಂದು, ಇವತ್ತೊಂದು. ಯಾವದು ನಂಬಬೇಕು ನಾವು?"

ಉಸ್ತಾದ್ ರೇಡಿಯೋ ತರಿಸಿ, ಬಿಚ್ಚಿ, ಚಿಮಟದಿಂದ ಒಂದು ತಂತಿ ಎತ್ತಿದರು. ಅದು ಹಸಿರು ಪುಡಿಯಾಗಿ ಅವರ ಅಂಗೈಗೆ ಉದುರಿತು. ಅಂಗೈಯನ್ನು ಆ ಮನುಷ್ಯನ ಮುಂದೆ ಹಿಡಿದು, "ಇದನ್ನ ನಂಬ್ರಿ" ಎಂದರು.

ಅತ್ತೆ ಒಲೆಯಿಂದ ಕೆಂಡ ತಂದು ಕೊಟ್ಟರು. ಅಂಗಳದಲ್ಲಿ ಕೂತು ಉಸ್ತಾದ್ ಒಂದೊಂದಾಗಿ ಕೆರೆದು, ರಾಳ ಹಚ್ಚಿ, ಹೊಸ ಬೆಸುಗೆ ಹಾಕತೊಡಗಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೊಗೆಗೋ ಏನೋ ಗೊತ್ತಾಗಲಿಲ್ಲ. ಸಂಜೆ ಸರಿಯುವ ಹೊತ್ತಿಗೆ ರೇಡಿಯೋದಲ್ಲಿ ಗುಲಬರ್ಗಾ ಸ್ಟೇಷನ್ನು ಸಿಕ್ಕು, ಯಾರೋ ಹತ್ತಿಗೆ ಬೀಳುವ ಹುಳದ ವಿಷಯ ಹೇಳತೊಡಗಿದರು. ಮಾವ ಆ ಮಾತನ್ನು ಪೂರ್ತಿ ಕೇಳಿಯೇ ಎದ್ದದ್ದು. "ಸೊಸಿನ್ನ ಕರಕೊಂಡು ಬಾ" ಎಂದು ಮಗನಿಗೆ ಹೇಳಿದರು. ಎಲ್ಲಾ ನನ್ನ ಕೈದು ಎಂದು ಉಸ್ತಾದ್ ಹೇಳಿದಾಗ ನಾನೂ ಅಲ್ಲೇ ನಿಂತಿದ್ದೆ. ನನಗೆ ಬೇರೇನೂ ನೆನಪಾಗಲಿಲ್ಲ.

ತಿಂಗಳಾದ ಮೇಲೆ ನೋಡಿ ಬರೋಣವೆಂದು ಇಬ್ಬರೂ ಮತ್ತೆ ಹೋದೆವು. ಹುಡುಗಿ ಬಂದಿದ್ದಳು. ನಮಗೆ ನೀರು ತಂದಿಟ್ಟು, ಅತ್ತೆ ಒಳಗೆ ಹೋದದ್ದು ನೋಡಿಕೊಂಡು, ಉಸ್ತಾದರ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಯಪ್ಪಾ, ಇದು ಮತ್ತ ಕೆಟ್ರ?"

ಉಸ್ತಾದ್ ನೀರು ಕುಡಿದು ಎದ್ದರು. ಬಸ್ಸಿನಲ್ಲಿ ಟೋಪಿ ತೆಗೆದು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತರು, ಒಳಗೆ ಏನೂ ಇರಲಿಲ್ಲ. ರಾಯಚೂರು ಹತ್ತಿರ ಬಂದ ಮೇಲೆ, "ಒಂದು ಹೆಣ್ಣಮಗಳ ಬಾಳೇವು ನನ್ನ ಬೆಸುಗಿ ಮ್ಯಾಲ ನಿಂತದ. ಅಷ್ಟು ಭಾರ ಅದು ತಡ್ಯಾಂಗಿಲ್ಲ ಮಾಸ್ತರ" ಎಂದರು.

ಆಮೇಲೆ ಅವರು ಮಾಡಿದ್ದು ಯಾರಿಗೂ ಹೊಳೆಯದ ಕೆಲಸ. ಆಗಾಗ ನೀರಮಾನ್ವಿಗೆ ಹೋಗಿ ಆ ಹುಡುಗಿಗೆ ಬೆಸುಗೆ ಕಲಿಸಿದರು. ಕರೆಂಟು ಬೇಕಿರಲಿಲ್ಲ, ಅಡುಗೆ ಒಲೆಯ ಕೆಂಡ ಸಾಕಿತ್ತು. ಅತ್ತೆ ಮೊದಮೊದಲು ಗೊಣಗಿದರಂತೆ. ಸೊಸೆ ಸೋರುತ್ತಿದ್ದ ಎಣ್ಣೆ ಡಬ್ಬಿಗೆ ಸೀಸ ಹಾಕಿ ಕೊಟ್ಟ ಮೇಲೆ ಸುಮ್ಮನಾದರಂತೆ. "ನಿಮಗಿಂತ ಲಗೂನ ಕಲತಳು" ಎಂದು ಉಸ್ತಾದ್ ನನಗೆ ಹೇಳುತ್ತಿದ್ದರು. "ಒಲಿ ಮುಂದ ಕುಂತಾಕಿಗೆ ಕಾವು ಕಲಸಬೇಕೇನು? ಒಂದು ಸಲಾನೂ ಊದಲಿಲ್ಲ ನೋಡ್ರಿ."

ಅಷ್ಟಕ್ಕೆ ಅವರು ನಿಂತಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ನಿಲ್ಲಲಿಲ್ಲ. ಸಂತೆಯ ದಿನ ದೇವದುರ್ಗಕ್ಕೆ, ಮಾನ್ವಿಗೆ, ಅಲ್ಲಿಂದ ಹಳ್ಳಿಗಳಿಗೆ, ಅಪ್ಪ ತಿದಿ ಹೊತ್ತು ತಿರುಗಿದ ಹಾದಿಯಲ್ಲೇ ತಿರುಗಿ, "ನನ್ನ ಕೈಲೆ ರಿಪೇರಿ ಆದ ಸೆಟ್ಟು ಯಾರ ಮನಿಯಾಗ ಅದಾವ?" ಎಂದು ಕೇಳತೊಡಗಿದರು. ಸಿಕ್ಕದ್ದನ್ನೆಲ್ಲ ಬಿಚ್ಚಿ ಪುಕ್ಕಟೆಯಾಗಿ ಹೊಸ ಬೆಸುಗೆ ಹಾಕಿದರು. ಅರಕೇರಾದಲ್ಲಿ ಒಬ್ಬಾಕೆ, "ಚೊಲೋ ಹಾಡಾಕತ್ತದ. ಯಾಕ ಹೊಟ್ಟಿ ಕೊಯ್ತೀರಿ ಅದರದು?" ಎಂದು ಬಾಗಿಲಿಗೆ ಅಡ್ಡ ನಿಂತಳಂತೆ. "ಇವತ್ತು ಹಾಡ್ತದವ್ವಾ" ಎಂದು ಕಟ್ಟೆಯ ಮೇಲೆ ಕೂತೇ ಬಿಟ್ಟರಂತೆ, ಕೊಡುವವರೆಗೂ.

ಅಂಗಡಿ ದಿನಬಿಟ್ಟು ದಿನ ಮುಚ್ಚಿರತೊಡಗಿತು. ತೆರೆದ ದಿನವೂ ಬರುವವರು ಕಡಿಮೆಯಾದರು. ತನ್ನ ತಪ್ಪನ್ನು ತಾನೇ ಡಂಗುರ ಸಾರಿಕೊಂಡು ತಿರುಗುವ ಮೇಸ್ತ್ರಿಯ ಕೈಗೆ ಯಾರು ಸೆಟ್ಟು ಕೊಡುತ್ತಾರೆ? ಎಂಬತ್ತರ ದಶಕ ಬಂತು, ಸ್ಟೇಷನ್ ರೋಡಿನಲ್ಲಿ ಟೀವಿ ರಿಪೇರಿಯ ಹೊಸ ಹುಡುಗರು ಬಂದರು. ನಾನೂ ಅಷ್ಟರಲ್ಲಿ ರಾಯಚೂರಿಗೇ ವರ್ಗವಾಗಿ ಬಂದಿದ್ದೆ. ಸಂಜೆ ಅಂಗಡಿಗೆ ಹೋದರೆ ಅವರು ಖಾಲಿ ಮೇಜಿನ ಮೇಲೆ ರಾಳ ಪುಡಿ ಮಾಡುತ್ತ ಕೂತಿರುತ್ತಿದ್ದರು. ಒಂದು ದಿನ ತಡೆಯಲಾರದೆ, "ಆವತ್ತು ಅಷ್ಟು ಮಂದಿ ಮುಂದ ನಾ ಹೇಳಬಾರದಿತ್ತು ಉಸ್ತಾದ್" ಎಂದೆ.

"ಮಂದಿ ಮುಂದ ಹೇಳಿದ್ದಕ್ಕ ನನ್ನ ಕಿವಿಗೆ ಬಿತ್ತು" ಎಂದರು. "ಒಬ್ಬನ ಇದ್ದಾಗ ಹೇಳಿದ್ರ ನಗತಿದ್ದೆ. ಮೊದಲೊಮ್ಮೆ ನಕ್ಕಿದ್ನಲ್ಲ."

ಅವರು ನನ್ನನ್ನು ಕ್ಷಮಿಸಿದ್ದರು. ಕ್ಷಮಿಸುವಂಥದ್ದು ಇದೆಯೆಂದೇ ಅವರಿಗೆ ಅನಿಸಿರಲಿಕ್ಕಿಲ್ಲ. ಆದರೆ ನಾನು ಹೇಳಿದಾಗ ಪಟ್ಟ ಖುಷಿ ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲು ಕಣ್ಣು ಮಂಜಾದವು, ಆಮೇಲೆ ಕೆಮ್ಮು ಹತ್ತಿತು. ಎಷ್ಟೋ ವರ್ಷ ತೇಜಾಬಿನ ಹೊಗೆ ಕುಡಿದ ಎದೆ. ಹಾಸಿಗೆ ಹಿಡಿದಾಗಲೂ, "ಇನ್ನ ಎಲ್ಲೆರ ಒಂದು ಉಳದಿರಬೇಕು ಮಾಸ್ತರ. ಎಲ್ಲಾ ಸಿಗಲಿಲ್ಲ" ಎನ್ನುತ್ತಿದ್ದರು. ನೀರಮಾನ್ವಿಯ ಸೆಟ್ಟಿನ ಬಗ್ಗೆ ಮಾತ್ರ ಅವರಿಗೆ ನೆಮ್ಮದಿಯಿತ್ತು. "ಅದರಾಗ ನಂದು ಒಂದೂ ಇಲ್ಲ ಈಗ, ಎಲ್ಲಾ ತೊಳದೀನಿ" ಎನ್ನುವರು. ಅಪ್ಪನ ಕಾಲದ ಐರನ್ನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಇದನ್ನ ಆ ಹುಡಿಗಿಗೆ ಮುಟ್ಟಿಸ್ರಿ" ಎಂದರು. ಆ ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡರು.

ಮಣ್ಣಾದ ವಾರದಲ್ಲೇ ನಾನು ನೀರಮಾನ್ವಿಗೆ ಹೋದೆ. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ, ಮನೆಯ ಕೀಲಿಕೈ ಅವಳ ಸೊಂಟದಲ್ಲಿತ್ತು. ಸುದ್ದಿ ಹೇಳಿದೆ. ಸೆರಗು ಬಾಯಿಗೆ ಹಿಡಿದಳು. ಐರನ್ ಬಿಚ್ಚಿ, ಅದರ ಹಿಡಿಯನ್ನು ಸವರಿ, ಎದ್ದುಹೋಗಿ ಗೂಡಿನಿಂದ ಆ ರೇಡಿಯೋ ತಂದಳು. ಹಿಂದಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. ಸ್ಕ್ರೂಗಳನ್ನು ಸೆರಗಿನ ಮಡಿಲಲ್ಲಿ ಹಾಕಿಕೊಂಡಿದ್ದಳು.

"ಅವರು ಇದ್ದಾಗ ಹೇಳಿರಲಿಲ್ಲರಿ. ಇನ್ನ ಹೇಳಬಹುದು" ಎಂದಳು. "ಒಂದು ಉಳದಿತ್ತು. ಈ ಗುಂಡಿ ಹಿಂದ. ನಾ ಕಲತ ಹೊಸಾದರಾಗ ಕಂಡೆ. ಹಸರು ಹಿಡದು, ಒಳಗ ತಂತಿ ಒಂದ ಎಳಿ ಮ್ಯಾಲ ನಿಂತಿತ್ತು."

"ಹೇಳಲಿಲ್ಲ ಯಾಕವ್ವಾ?"

"ಹೇಳಿದ್ರ ಯಪ್ಪ ಅದನ್ನೂ ಹೊತ್ಕೊಂಡು ತಿರಗತಿದ್ದ. ಇದೊಂದರ ಚೊಲೋ ಆತು ಅಂದ್ಕೊಂಡಿದ್ದ, ಅಂದ್ಕೊಳ್ಳಲಿ ಬಿಡು ಅಂದೆ. ಯಾರೂ ಇಲ್ಲದಾಗ ಕೆರದು, ರಾಳ ಹಚ್ಚಿ, ನಾನ ಹಾಕಿದೆ." ಅವಳು ಬೆರಳಿಟ್ಟು ತೋರಿಸಿದಳು. ಚಪ್ಪಟೆಯಾಗಿ, ಹದವಾಗಿ ಕೂತ ಬೆಸುಗೆ. "ಆದ್ರ ಮಾಸ್ತರ್ರೀ, ಅದು ಯಪ್ಪನ ಕೈದಲ್ಲ. ಉಂಡಿ ಕಟ್ಟಿತ್ತು. ಆತ ಹಂಗ ಕಟ್ಟಾಂಗಿಲ್ಲ."

ಲಗ್ನದ ಸೆಟ್ಟಿಗೆ ಒಂದು ಉಂಡಿ ಇರಲಿ ಎಂದು ನಕ್ಕ ಅವರ ಮುಖ ಆಗ ನೆನಪಾಯಿತು.

"ಅದು ನಂದವ್ವಾ" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಮಡಿಲಿನಿಂದ ಒಂದೊಂದೇ ಸ್ಕ್ರೂ ತೆಗೆದು ಮುಚ್ಚಳ ಕೂಡಿಸುತ್ತ, ಏನೋ ಲೆಕ್ಕ ಹತ್ತದವಳಂತೆ ಕೇಳಿದಳು.

"ಮತ್ತ ಯಪ್ಪಗ ಎಲ್ಲಾ ನಿಂದ ತಪ್ಪು ಅಂತ ಹೇಳಿದವರು ಯಾರ್ರಿ?"

ತೀನ್ ಕಂದೀಲಿನ ಆ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದ ನಾನು, ಅವಳೊಬ್ಬಳ ಮುಂದೆ ಬಾಯಿ ಬಿಡಲಿಲ್ಲ. ಅವಳು ತಂದಿಟ್ಟ ಚಹ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.